ತಾಯಮ್ಮತ್ತೆಯ ಬಂದೂಕು ಸಣ್ಣಗಾದದ್ದು

ಮೊನ್ನೆ ಪಾಂಡವಪುರದಲ್ಲಿ ಡಾಕ್ಟರಮ್ಮ ನನ್ನನ್ನು ತೂಕದ ಯಂತ್ರದ ಮೇಲೆ ಹತ್ತಿಸಿದರು. ಮುಳ್ಳು ಎಲ್ಲಿಗೆ ಹೋಗಿ ನಿಂತಿತೆಂದು ನನಗೆ ಕಾಣಲಿಲ್ಲ. ನಡುವೆ ನನ್ನ ಹೊಟ್ಟೆ ಇತ್ತು. ಅವರಿಗೆ ಕಂಡಿತು. "ಮೇಷ್ಟ್ರೇ, ತೂಕ ಇಳಿಸಲೇಬೇಕು" ಎಂದರು. ನನಗೆ ಫಕ್ಕನೆ ನಗು ಬಂದುಬಿಟ್ಟಿತು. ಆಕೆ ಬೇಜಾರು ಮಾಡಿಕೊಂಡರೋ ಏನೋ. ನಾನು ನಕ್ಕಿದ್ದು ಅವರ ಮಾತಿಗಲ್ಲ. ತೂಕ ಇಳಿಸುವುದು ಎಂದೊಡನೆ ನಿಮಗೆ ಬೆಳಗಿನ ಜಾವ ಕೈ ಬೀಸಿಕೊಂಡು ನಡೆಯುವ ಜನ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಬೇಟೆ ಬಂದೂಕು. ನಮ್ಮ ವಂಶದಲ್ಲಿ ಹಠ ಹಿಡಿದು ತೂಕ ಇಳಿಸಿಕೊಂಡದ್ದು ಅಂತ ನಾನು ಕಂಡಿರುವುದು ಅದೊಂದನ್ನೇ.

ಬಂದೂಕು ನನ್ನ ಸೋದರತ್ತೆ ಚಿಕ್ಕತಾಯಮ್ಮನದು. ನಮಗೆಲ್ಲ ಆಕೆ ತಾಯಮ್ಮತ್ತೆ. ದೇವಲಾಪುರದ ಕಡೆ ಮಳೆ ನಂಬಿದ ಹೊಲ, ರಾಗಿ, ಹುರುಳಿ, ಒಂದಿಷ್ಟು ಕಡಲೆಕಾಯಿ. ಮಾವ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಕೆ.ಆರ್. ಪೇಟೆ ಸೇರಿದ್ದಳು. ತೊಂಬತ್ತರ ದಶಕದಲ್ಲಿ ದೇವಲಾಪುರದ ಹೈಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿತು. ಊಟ, ವಸತಿ, ಬೈಗುಳ ಮೂರೂ ಅತ್ತೆಯ ಮನೆಯಲ್ಲೇ. ಮೊದಲೇ ಗುಂಡಗಿದ್ದ ನಾನು ಆಕೆಯ ಮುದ್ದೆಯ ಗಾತ್ರಕ್ಕೆ ತಕ್ಕಂತೆ ಬೆಳೆಯುತ್ತ ಹೋದೆ.

ಬಂದೂಕನ್ನು ಅತ್ತೆಗೆ ಕೊಟ್ಟವರು ನಮ್ಮ ತಾತ. ಬಾಗಿಲ ಚಿಲಕದ ಹಾಗೆ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಗುಂಡು ಒಳಗೆ ಕೂರುವಂಥ ಹಳೇ ಕಾಲದ ರೈಫಲ್ಲು ಅದು. ಅತ್ತೆ ಅದನ್ನು "ಚಿಲಕದ್ ಬಂದೂಕ" ಎಂದೇ ಕರೆಯುತ್ತಿದ್ದರು. ಬೇಟೆಯ ಕಾಲ ಎಂದೋ ಮುಗಿದಿತ್ತು. ಹೊಲಕ್ಕೆ ನುಗ್ಗುವ ಹಂದಿಯನ್ನು ಬೆದರಿಸಲು ಎಂದು ಲೈಸೆನ್ಸು ಆಕೆಯ ಹೆಸರಿಗಾಗಿತ್ತು. ಹಿರಿಯ ಮಗ ಇದ್ದೂ ಬಂದೂಕು ಮಗಳಿಗೆ ಯಾಕೆ ಹೋಯಿತು ಎಂದರೆ, ಆ ಹಿರಿಯ ಮಗ ನಮ್ಮಪ್ಪ. ಅರಕೆರೆಯ ಮನೆಯಲ್ಲಿ ಒಮ್ಮೆ ತಾತ ಊರಲ್ಲಿಲ್ಲದಾಗ ಬಂದೂಕು ಒರೆಸುತ್ತೇನೆಂದು ಕುಳಿತ ನಮ್ಮಪ್ಪ, ಪಕ್ಕದ ಮನೆಯವರು ಹಿತ್ತಲಲ್ಲಿ ಒಣಗಲು ಬೋರಲು ಹಾಕಿದ್ದ ತಾಮ್ರದ ಹಂಡೆಗೆ ಈ ಕಡೆಯಿಂದ ಆ ಕಡೆಗೆ ತೂತು ಮಾಡಿದರು. ತಾತ ಹೊಸ ಹಂಡೆ ಕೊಡಿಸಿ, ಮಗಳನ್ನು ಕರೆದು, "ಇದು ಅವನ ಕೈಗೆ ಯಾವತ್ತೂ ಓಗ್‌ಕೂಡ್ದು ಕಣವ್ವ" ಎಂದು ಮಾತು ತೆಗೆದುಕೊಂಡರು.

ತಾತ ತೀರಿಕೊಂಡ ಮೇಲೆ ಅಪ್ಪ ಕೇಳಿದರು, ಅತ್ತೆ ಕೊಡಲಿಲ್ಲ. ಅಲ್ಲಿಗೆ ಅಪ್ಪ ತಂಗಿಯ ಮನೆಯ ಹೊಸಿಲು ತುಳಿಯುವುದನ್ನು ನಿಲ್ಲಿಸಿದರು. ಮಗನನ್ನು ಅಲ್ಲೇ ಉಣ್ಣಲು ಬಿಟ್ಟಿದ್ದರು, ತಾವು ಮಾತ್ರ ಬರುವುದಿಲ್ಲ. ಕೋಪಕ್ಕೂ ಒಂದು ಲೆಕ್ಕಾಚಾರ ಇರುತ್ತದೆ ನೋಡಿ.

ಆದರೆ ಅವರಿಬ್ಬರೂ ಭೇಟಿಯಾಗುವ ಒಂದು ಜಾಗವಿತ್ತು: ಪೊಲೀಸ್ ಠಾಣೆಯ ಜಗಲಿ. ಚುನಾವಣೆ ಬಂದರೆ ಲೈಸೆನ್ಸು ಇರುವವರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಆ ವರ್ಷಗಳಲ್ಲಿ ಸರ್ಕಾರಗಳು ಮೇಲಿಂದ ಮೇಲೆ ಬೀಳುತ್ತಿದ್ದವು, ನಿಮಗೂ ನೆನಪಿರಬಹುದು. ದೆಹಲಿಯಲ್ಲಿ ಯಾರೋ ಬೆಂಬಲ ವಾಪಸು ಪಡೆದರೆ ಇಲ್ಲಿ ಅತ್ತೆಯ ಹೆಗಲು ನೋಯುತ್ತಿತ್ತು. ಅಪ್ಪ ಪತ್ರಿಕೆಯಲ್ಲಿ ಸುದ್ದಿ ಓದಿ, ಅರಕೆರೆಯಿಂದ ಬಸ್ಸು ಹಿಡಿದು, ಎರಡು ಕಡೆ ಬದಲಾಯಿಸಿ, ಠಾಣೆಯ ಮುಂದಿನ ಬೇವಿನ ಮರದಡಿ ಬಂದು ನಿಲ್ಲುತ್ತಿದ್ದರು. ಅತ್ತೆ ಏದುಸಿರು ಬಿಡುತ್ತ ಬಂದೊಡನೆ ಅದೇ ಮಾತು:

"ಭಾರ ಆದ್ರೆ ಯೋಳಮ್ಮಿ. ನಾನಿಟ್ಕತ್ತೀನಿ."

"ಅರಳೆ ಮೂಟೆ ಒತ್ಕಬಂದಂಗದೆ ಕಣಣ್ಣ. ಏನೂ ಭಾರ ಇಲ್ಲ," ಎಂದು ಅತ್ತೆ ಬೆವರು ಒರೆಸಿಕೊಳ್ಳುತ್ತಿದ್ದರು. ಅಷ್ಟೇ ಸಂಭಾಷಣೆ. ಅಪ್ಪ ಮತ್ತೆ ಬಸ್ಸು ಹತ್ತುತ್ತಿದ್ದರು.

ನಾನು ಕಂತಿನಲ್ಲಿ ಒಂದು ಮೊಪೆಡ್ ಕೊಂಡ ಮೇಲೆ ಅತ್ತೆಯ ಕಷ್ಟ ಮುಗಿಯಿತು ಅಂದುಕೊಂಡೆ. ಮುಂದೆ ನಾನು, ಹಿಂದೆ ಅತ್ತೆ, ಅತ್ತೆಯ ಬೆನ್ನಿಗೆ ಗೋಣಿಚೀಲದಲ್ಲಿ ಸುತ್ತಿದ ಬಂದೂಕು. ಸಮತಟ್ಟಿನ ದಾರಿಯಲ್ಲಿ ಗಾಡಿ ಗೊಣಗುತ್ತ ಓಡಿತು. ದಿಣ್ಣೆ ಬಂತು. ಗಾಡಿ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ನಾವು ಮೂವರೂ ರಸ್ತೆಬದಿಯಲ್ಲಿ ನಿಂತೆವು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ತಮ್ಮನ್ನೊಮ್ಮೆ ನೋಡಿಕೊಂಡರು, ಬಂದೂಕು ನೋಡಿದರು.

"ಮೂರ್ರಲ್ಲಿ ಒಂದು ಸಣ್ಗಾಗ್ಬೇಕು ಕಣ್ಲಾ. ನಿನ್ ಕೈಲಿ ಆಗಾಕಿಲ್ಲ. ನನ್ ವಯಸ್ಸು ಮುಗೀತು," ಎಂದರು.

ಉಳಿದದ್ದು ಬಂದೂಕು.

ಊರಿನಲ್ಲಿ ಸಿದ್ದಾಚಾರಿ ಎಂಬ ಬಡಗಿ ಇದ್ದ. ನೇಗಿಲು, ಮಂಚ, ತೊಟ್ಟಿಲು ಏನು ಹೇಳಿದರೂ "ಅದೇನ್ ಮಹಾ" ಎನ್ನುವ ಆಸಾಮಿ. ಅತ್ತೆ ಗುಂಡಿಲ್ಲದ ಬಂದೂಕನ್ನು ಅವನ ಮುಂದೆ ಮಲಗಿಸಿ, "ಕಬ್ಬಿಣ ಮುಟ್‌ಬ್ಯಾಡ. ಮರ ಮಾತ್ರ ಇಳ್ಸು," ಎಂದರು.

"ಅದೇನ್ ಮಹಾ, ಅಕ್ಕ," ಎಂದ ಆಚಾರಿ.

ಭುಜಕ್ಕೆ ಆನಿಸಿಕೊಳ್ಳುವ ಮರದ ಬುಡವಿರುತ್ತದಲ್ಲ, ಮೊದಲು ಅದರ ಹಿಂಬದಿಯ ಕಬ್ಬಿಣದ ತಗಡು ಬಿಚ್ಚಿದ. ಆಮೇಲೆ ಒಳಗಿನಿಂದ ಉಳಿ ಹಾಕಿ, ಮರದ ತುಂಡಿನಲ್ಲಿ ಅಳತೆಯ ಪಾವು ಕೊರೆಯುವಂತೆ ಕೊರೆಯುತ್ತ ಹೋದ. ಹೊರಗೆ ನೋಡಲು ಬುಡ ಹಾಗೇ ಇದೆ, ಒಳಗೆ ಟೊಳ್ಳು. ಬಾಯಿಗೆ ಬಿಗಿಯಾಗಿ ಒಂದು ಮರದ ಮುಚ್ಚಳ. ಅಂಗಡಿಯ ತಕ್ಕಡಿಗೆ ಒಯ್ದು ಒಂದು ಕಡೆ ಬಂದೂಕು, ಇನ್ನೊಂದು ಕಡೆ ಬೆಲ್ಲದ ಅಚ್ಚು ಇಟ್ಟು ನೋಡಿದರು. ಅತ್ತೆಗೆ ಸಮಾಧಾನವಾಗಲಿಲ್ಲ. ಆಚಾರಿ ಹಿಡಿಯುವ ಜಾಗವನ್ನು ಹೆರೆದ. ಮತ್ತೆ ತಕ್ಕಡಿ. ನಳಿಗೆಯ ಕೆಳಗಿನ ಮರವನ್ನು ಹೆರೆದ. ಮತ್ತೆ ತಕ್ಕಡಿ. ಬಂದೂಕು ತಕ್ಕಡಿಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ಜನ ಸೇರಿ, ಇಷ್ಟಚ್ಚು ಇಳಿಯುತ್ತದೆ, ಇಲ್ಲ ಇನ್ನೂ ಇಳಿಯುತ್ತದೆ ಎಂದು ವಾದಿಸುತ್ತಿದ್ದರು. ತಕ್ಕಡಿಯಿಂದ ಇಳಿದ ಬೆಲ್ಲದ ಒಡಕು ಚೂರುಗಳೆಲ್ಲ ನನ್ನ ಪಾಲಾಗಿ, ಬಂದೂಕು ಕಳೆದುಕೊಂಡದ್ದನ್ನು ನಾನು ಸೇರಿಸಿಕೊಂಡೆ.

ಕೊನೆಗೆ ಅತ್ತೆ ಚರ್ಮದ ಪಟ್ಟಿಯನ್ನೂ ಕಿತ್ತುಹಾಕಿ ಹಳೇ ಸೀರೆಯ ಅಂಚನ್ನು ಜಡೆಯಂತೆ ಹೆಣೆದು ಕಟ್ಟಿದರು. ಹಸಿರು ಅಂಚು, ನಡುವೆ ಕೆಂಪು ಹೂವು. ಬಂದೂಕು ಹೆಣ್ಣು ನೋಡಲು ಬರುವವರ ಮುಂದೆ ಕೂರಲು ತಯಾರಾದಂತೆ ಕಾಣುತ್ತಿತ್ತು.

ಮುಂದಿನ ಚುನಾವಣೆಗೆ ಮೊಪೆಡ್ ದಿಣ್ಣೆ ಹತ್ತಿತು. ಅತ್ತೆ ಠಾಣೆಯ ಮುಂದೆ ಇಳಿದು, ಬಂದೂಕನ್ನು ಒಂದೇ ಕೈಯಲ್ಲಿ ಸೌಟಿನ ಹಾಗೆ ಹಿಡಿದುಕೊಂಡು ಅಪ್ಪನ ಮುಂದೆ ಎರಡು ಸಲ ಓಡಾಡಿದರು. ಅಪ್ಪ ಅವತ್ತು ಸಿಕ್ಕ ಮೊದಲ ಬಸ್ಸಿಗೇ ವಾಪಸು ಹತ್ತಿದರು. ಆ ಸಂಜೆ ಅತ್ತೆ ಒಬ್ಬಟ್ಟು ಮಾಡಿದರು.

ಇಲ್ಲಿಗೆ ಮುಗಿದಿದ್ದರೆ ಇದೊಂದು ಸುಖಾಂತ ಕಥೆ. ಆದರೆ ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಬಂದವು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ತಾಯಿ ಹಂದಿ, ಮರಿಗಳು, ಒಟ್ಟು ಸಂಸಾರವೇ ಹೊಲದ ಮೂಲೆಯಲ್ಲಿ ಗೆಬರುತ್ತಿತ್ತು. ಅತ್ತೆ ಬಂದೂಕು ತಂದರು. ಅವುಗಳಿಗೆ ಹೊಡೆಯುವ ಇರಾದೆ ಆಕೆಗೆ ಇರಲಿಲ್ಲ, ಪಕ್ಕದ ಮಣ್ಣಿನ ದಿಬ್ಬಕ್ಕೆ ಒಂದು ಗುಂಡು ಹಾರಿಸಿದರೆ ಸದ್ದಿಗೇ ಓಡುತ್ತವೆ ಎಂಬ ಅಂದಾಜು. "ನನ್ ಬೆನ್ನಿಂದೆ ನಿಂತ್ಕಳ್ಲಾ," ಎಂದರು. ನಿಂತೆ. ಚಿಲಕ ಎಳೆದು, ತಳ್ಳಿ, ಬೆರಳಿಂದ ಬಂದೂಕಿನ ಕುದುರೆ ಎಳೆದರು.

ಭಾರದ ಬಂದೂಕು ತನ್ನ ಒದೆತವನ್ನು ತಾನೇ ನುಂಗಿಕೊಳ್ಳುತ್ತದೆ, ಹಗುರವಾದದ್ದು ಹಿಡಿದವರಿಗೆ ಕೊಡುತ್ತದೆ ಎಂಬುದು ಭೌತಶಾಸ್ತ್ರ. ನಾನು ಮಕ್ಕಳಿಗೆ ಪಾಠ ಮಾಡುತ್ತಿದ್ದುದು ಸಮಾಜ. ಅತ್ತೆ ಹಿಂದಕ್ಕೆ ಹಾರಿ ನನ್ನ ಹೊಟ್ಟೆಗೆ ಬಂದು ಬಡಿದರು. ನಾನು ಹಿಂದಕ್ಕೆ ಹಾರಿ ಬದುವಿನ ಮೇಲೆ ಬಿದ್ದೆ. ನನ್ನ ತೂಕ ಇನ್ನೊಬ್ಬರ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಹಂದಿಗಳು ಸದ್ದಿಗೆ ಒಂದಷ್ಟು ದೂರ ಓಡಿ, ತಿರುಗಿ ನಿಂತು, ಕಾಲು ಮೇಲೆ ಮಾಡಿ ಬಿದ್ದಿದ್ದ ನಮ್ಮಿಬ್ಬರನ್ನೂ ನೋಡಿ, ಇವರಿಂದ ಅಪಾಯವಿಲ್ಲ ಎಂದು ತೀರ್ಮಾನಿಸಿ ವಾಪಸು ಬಂದವು.

ಅತ್ತೆಯ ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹುರುಳಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ನಾನು ಶಾಖ ಕೊಡುತ್ತಿದ್ದೆ. ಅತ್ತೆ ಆ ಗಂಟನ್ನು ನನ್ನ ಕೈಯಿಂದ ಕಿತ್ತುಕೊಂಡು ಅಂಗೈಯಲ್ಲಿ ಮೇಲೆ ಕೆಳಗೆ ತೂಗಿ ನೋಡಿದರು. ಮುಖ ಅರಳಿತು.

"ಲೇ, ಆ ಬುಡದೊಳಕ್ಕೆ ಉಳ್ಳಿಕಾಳು ತುಂಬದು ಕಣ್ಲಾ. ಅಂದಿ ಬಂದಾಗ ತುಂಬ್ಕಳದು, ಓಟು ಬಂದಾಗ ಸುರ್ಕಂಡು ಓಗದು!"

ನೀವು ಏನೇ ಹೇಳಿ, ಇದು ಸಣ್ಣ ಬುದ್ಧಿಯಲ್ಲ. ಡಬ್ಬದಿಂದ ಹುರುಳಿ ತಂದು, ಟೊಳ್ಳು ಬುಡಕ್ಕೆ ಗಿಡಿದು, ಮುಚ್ಚಳ ಬಡಿದರು. ಭುಜ ವಾಸಿಯಾದ ಮೇಲೆ ಇನ್ನೊಮ್ಮೆ ದಿಬ್ಬಕ್ಕೆ ಹಾರಿಸಿದರು. ಒದೆತ ಕಡಿಮೆಯಾಗಿತ್ತು, ನಾನು ಮಾತ್ರ ದೂರ ನಿಂತು ನೋಡಿದೆ. ಹಂದಿಗಳೂ ಈ ಸಲ ಮರ್ಯಾದೆ ಕೊಟ್ಟವು.

ಹೀಗೆ ಕೆಲ ಕಾಲ ನಡೆಯಿತು. ದಶಕ ಮುಗಿಯುತ್ತ ಬಂದಾಗ ಮತ್ತೊಂದು ಚುನಾವಣೆ, ಅದೂ ಮಳೆಗಾಲದಲ್ಲಿ. ಬೆಳಿಗ್ಗೆಯೇ ಹೊರಟೆವು. ದಿಣ್ಣೆಯಲ್ಲಿ ಗಾಡಿ ಯಾಕೋ ಬಹಳ ಗೋಳಾಡಿತು, ನಾನು ಇಳಿದು ತಳ್ಳಬೇಕಾಯಿತು. ಆ ದಿನ ಅತ್ತೆ ಹುರುಳಿ ತೆಗೆಯುವುದನ್ನೇ ಮರೆತಿದ್ದರು. ಠಾಣೆಯಲ್ಲಿ ಒಪ್ಪಿಸಿ, ಅಪ್ಪನಿಂದ ಮಾಮೂಲು ಮಾತು ಕೇಳಿ, ಮಾಮೂಲು ಉತ್ತರ ಕೊಟ್ಟು ಬಂದೆವು.

ಕೆಲವೇ ದಿನಗಳಲ್ಲಿ ಠಾಣೆಯಿಂದ ಕರೆ ಬಂತು. ಸುದ್ದಿ ಮುಟ್ಟಿ, ತಂಗಿಗೆ ಏನೋ ಆಗಿದೆ ಎಂದು ಅಪ್ಪನೂ ಓಡಿ ಬಂದಿದ್ದರು. ಮೇಜಿನ ಮೇಲೆ ಬಂದೂಕು ಮಲಗಿತ್ತು. ಕಾಳು ಉಬ್ಬಿ, ಕೊರೆದು ತೆಳ್ಳಗಾಗಿದ್ದ ಬುಡ ಉದ್ದಕ್ಕೂ ಬಿರಿದಿತ್ತು. ಬಿರುಕಿನ ತುಂಬ ಬೆಳ್ಳನೆಯ ಮೊಳಕೆಗಳು, ಕೆಲವು ಎಳೇ ಹಸಿರು ಎಲೆ ಕೂಡ ತೆರೆದು ಕಿಟಕಿಯ ಬೆಳಕಿನ ಕಡೆ ಕತ್ತು ಚಾಚಿದ್ದವು.

ಇನ್ಸ್‌ಪೆಕ್ಟರ್ ಗಂಭೀರ ಮನುಷ್ಯ. "ಏನಮ್ಮಾ ಇದು?" ಎಂದರು.

"ಉಳ್ಳಿ, ಸಾಮಿ," ಎಂದರು ಅತ್ತೆ.

"ಅದು ನನಗೂ ಕಾಣ್ತದೆ. ಬಂದೂಕಿನೊಳಗೆ ಯಾಕೆ ಬಿತ್ತನೆ ಮಾಡಿದ್ದೀರಿ?"

ಹಿಂದೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡ. ಅತ್ತೆ ನಡೆದದ್ದನ್ನೆಲ್ಲ ಹೇಳಿದರು. ಮೊಪೆಡ್, ಆಚಾರಿ, ಬೆಲ್ಲ, ಹಂದಿ. ನನ್ನ ಹೊಟ್ಟೆಯ ವಿಷಯ ಬಂದಾಗ ಇನ್ಸ್‌ಪೆಕ್ಟರ್ ನನ್ನ ಕಡೆ ನೋಡಿ, ಅಲ್ಲಿಗೆ ನಂಬಿದರು. ಇದು ಯಾವ ಅಪರಾಧ ಎಂದು ಅವರಿಗೂ ತಿಳಿಯಲಿಲ್ಲವೋ ಏನೋ, ಕೊನೆಗೆ, "ಇದನ್ನ ಹೀಗೇ ವಾಪಸು ಕೊಡೋಕಾಗಲ್ಲ. ಮೈಸೂರಿಗೆ ಒಯ್ದು ರಿಪೇರಿ ಮಾಡಿಸಬೇಕು, ಇಲ್ಲ ಸರ್ಕಾರಕ್ಕೆ ಬಿಟ್ಟುಕೊಡಬೇಕು," ಎಂದರು.

ಅಪ್ಪ ಮುಂದೆ ಬಂದರು. "ನಾನು ಮಾಡುಸ್ಕತ್ತೀನಿ ಸಾರ್. ನನ್ ಎಸ್ರಿಗೆ—"

"ಸರ್ಕಾರ್ವೇ ಮಡೀಕಳ್ಳಿ ಸಾಮಿ," ಎಂದುಬಿಟ್ಟರು ಅತ್ತೆ.

ಅಪ್ಪ ಮೇಜಿನ ಹತ್ತಿರ ಹೋಗಿ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿದರು. ಹಂಡೆಯ ದಿನದ ಮೇಲೆ ಅವರು ಅದನ್ನು ಮುಟ್ಟಿದ್ದು ಅದೇ ಮೊದಲು. ಭಾರ ಇರುತ್ತದೆಂದು ಕಾಲು ಅಗಲಿಸಿ, ಉಸಿರು ಕಟ್ಟಿ ಎತ್ತಿದವರು ಹಾಗೇ ಹಿಂದಕ್ಕೆ ಮುಗ್ಗರಿಸಿದರು. "ಇಷ್ಟೇಯಾ?" ಎಂದರು. ಒಂದು ಮೊಳಕೆ ಅವರ ಮೀಸೆಗೆ ಅಂಟಿಕೊಂಡಿತ್ತು. ಅದನ್ನು ನೋಡಿ ಅತ್ತೆಗೆ ನಗು ತಡೆಯಲಾಗಲಿಲ್ಲ. ಅತ್ತೆ ನಕ್ಕದ್ದು ನೋಡಿ ಹೆಡ್ ಕಾನ್‌ಸ್ಟೇಬಲ್ ಟೋಪಿ ಕೆಳಗಿಟ್ಟು ನಕ್ಕ. ಯಾಕೆಂದು ಗೊತ್ತಿಲ್ಲದೆ ಅಪ್ಪನೂ ನಕ್ಕರು.

ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಮೇಲೆ ಅತ್ತೆ ಸೆರಗು ಹಿಡಿದು, ಬಿರುಕಿನಿಂದ ಕಾಳನ್ನೆಲ್ಲ ಬಿಡಿಸಿಕೊಂಡರು. "ಇಷ್ಟೊಂದು ಕಾಳು ಎಸ್ಯಕಾಗ್ತದಾ? ಬಾರಣ್ಣ, ಸಾರು ಮಾಡ್ತೀನಿ," ಎಂದರು.

ಅಪ್ಪ ಬಸ್ ನಿಲ್ದಾಣದ ಕಡೆ ಒಮ್ಮೆ ನೋಡಿದರು. ಆಮೇಲೆ, "ಮುದ್ದೆ ಗಟ್ಟಿಯಾಗಿರ್ಲಿ," ಎಂದು ನಮ್ಮ ಜೊತೆ ಹೊರಟರು. ಸಾರಿನಲ್ಲಿ ಬಂದೂಕಿನ ಎಣ್ಣೆಯ ವಾಸನೆ ಸ್ವಲ್ಪ ಇತ್ತೆಂದು ನನ್ನ ಅನುಮಾನ. ಅಪ್ಪ ಎರಡು ಸಲ ಹಾಕಿಸಿಕೊಂಡರು, ನಾನು ಲೆಕ್ಕವಿಡಲಿಲ್ಲ. ಅಲ್ಲಿಂದ ಮುಂದೆ ಅವರು ಇರುವವರೆಗೂ ಹಬ್ಬ ಹರಿದಿನ ತಂಗಿಯ ಮನೆಗೆ ಹೋಗುವುದನ್ನು ತಪ್ಪಿಸಲಿಲ್ಲ.

ಅತ್ತೆ ಈಗ ಕೆ.ಆರ್. ಪೇಟೆಯಲ್ಲಿ ಮಗಳ ಜೊತೆ ಇದ್ದಾರೆ. ಕಿವಿ ಚುರುಕು, ಬಾಯಿ ಇನ್ನೂ ಚುರುಕು. ಇದನ್ನೆಲ್ಲ ಬರೆಯುತ್ತ ನಿನ್ನೆ ಸಂಜೆ ಅವರಿಗೆ ಫೋನು ಮಾಡಿದೆ. ಮಾತಿನ ನಡುವೆ, "ಅವತ್ತು ನೀನು ಕಾಳು ತೆಗ್ಯದು ಮರ್ತಿದ್ದೇ ಒಳ್ಳೇದಾಯ್ತು ಅತ್ತೆ," ಎಂದೆ.

"ಯಾರ್ಲಾ ಮರ್ತೋರು?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಒಣ್ಗಿದ್ ಕಾಳು ಅದ್ರಷ್ಟಕ್ಕೆ ಅದು ಮೊಳ್ಕೆ ಬತ್ತದೇನ್ಲಾ? ಮೇಷ್ಟ್ರಾಗಿದ್ದೆ ಬ್ಯಾರೆ. ಓಗೋ ಮುಂಚಿನ್ ದಿನ್ವೇ ನೆನೆ ಆಕಿ, ಚೆನ್ನಾಗ್ ಗಿಡ್ದು, ಮುಚ್ಳ ಬಡ್ದಿದ್ದೆ."

"ಯಾಕತ್ತೆ?"

"ನಿಮ್ಮಪ್ಪನ್ ಕೈಗೆ ಕೊಡ್‌ಬ್ಯಾಡ ಅಂತ ನಿಮ್ ತಾತ ಯೋಳಿತ್ತು. ನಾನ್ ಮಡೀಕಂಡ್ರೆ ಅವ್ನು ಮನೆ ಮೆಟ್ಲು ತುಳ್ಯಾಕಿಲ್ಲ. ಇಬ್ರಿಗೂ ಇಲ್ದಂಗ್ ಮಾಡ್ದೆ, ಇನ್ನೇನ್ ಮಾಡ್ಲಿ?" ಎಂದವರು ದನಿ ತಗ್ಗಿಸಿ ಸೇರಿಸಿದರು, "ಅಣ್ಣ ನಮ್ಮನೇಲಿ ಉಂಡು ಏಸ್ ವರ್ಸಾಗಿತ್ತೋ."

ಇಷ್ಟು ಕಾಲ ಅತ್ತೆಯ ಮರೆವಿನ ಕಥೆಯೆಂದು ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ ಹೇಳಿ ಹೇಳಿ ಜನರನ್ನು ನಗಿಸಿದವನು ನಾನು. ಅತ್ತೆ ಕೇಳಿದರು:

"ನೀನ್ ಈ ಕಡೆಗೆ ಬಂದೂ ಬೋ ದಿನ ಆಯ್ತು. ಭಾನುವಾರ ಬತ್ತೀಯೇನ್ಲಾ? ಬರಾಕಿಲ್ಲ ಅನ್ನಂಗಿದ್ರೆ ಈಗ್ಲೇ ಯೋಳು, ಕಾಳು ನೆನೆ ಆಕ್ತೀನಿ."

"ಬರ್ತೀನತ್ತೆ," ಎಂದೆ.