ಮಣ್ಣು ತುಂಬಿದ ಬಳಚು

ಮೊನ್ನೆ ಅಂಕೋಲೆಯ ಮೀನುಪೇಟೆಯಿಂದ ಬಳಚು ಚಿಪ್ಪಿಮೀನು ತಂದು ಅಡುಗೆಮನೆಯಲ್ಲಿ ಸುರಿದೆ. ಚಿಪ್ಪುಗಳಿಂದ ಹೊಳೆಯ ಕೆಸರಿನ ವಾಸನೆ ಎದ್ದಿತು, ಅದರ ಜೊತೆಗೇ ಹಳೆಯ ಹೆದರಿಕೆಯೂ. ಕೋಡಿಬಾಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ನಾನು ಚಿಕ್ಕಮ್ಮನಂತೆ ಮಾವಶಿ ಎಂದು ಕರೆಯುತ್ತಿದ್ದವಳು ನೆನಪಾದಳು... ಮೊದಲು ಅವಳ ಕೈ, ಮುಖ ಆಮೇಲೆ.

ಆಗ ನಾನು ಎರಡನೇ ಇಯತ್ತೆ. ಓದಲು ಬರುತ್ತಿರಲಿಲ್ಲ. ಅಕ್ಕೋರು ಸಾಲಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಪಾಠ ಓದಿಸುತ್ತ ಬರುವಾಗ ನನ್ನ ಸರದಿಗೆ ಇನ್ನೆಷ್ಟು ಜನ ಎಂದು ಎಣಿಸುತ್ತಿದ್ದೆ. ಮೊದಲ ಅಕ್ಷರ ಕಂಡದ್ದೇ ತಡ, ಬಾಯಿಗೆ ಬಂದ ಶಬ್ದ ಹೇಳಿಬಿಡುತ್ತಿದ್ದೆ. ತರಗತಿಯೆಲ್ಲ ನಗುತ್ತಿತ್ತು. ವರ್ಷದ ಕೊನೆಗೂ ಓದದಿದ್ದರೆ ಅದೇ ಇಯತ್ತೆಯಲ್ಲಿ ಕೂರಿಸುತ್ತೇವೆ ಎಂದು ಅಕ್ಕೋರು ಅಪ್ಪನಿಗೆ ಹೇಳಿ ಕಳಿಸಿದರು. ಅಪ್ಪ ಬೈಯಲಿಲ್ಲ, ನನ್ನ ಜೊತೆ ಮಾತೇ ಬಿಟ್ಟ. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ.

ಶಾಲೆ ಬಿಟ್ಟ ಮೇಲೆ ಮಾವಶಿಯ ಅಂಗಳದಲ್ಲಿ ಅಡಗಿ ಕೂರುತ್ತಿದ್ದೆ. ಅವಳು ಇಳಿತದ ಹೊತ್ತಿಗೆ ಕಾಳಿ ನದಿಗಿಳಿದು ಬಳಚು ಹೆಕ್ಕಿ ತರುವವಳು. ರಾಶಿಯಲ್ಲಿ ಒಂದೆರಡು ಸತ್ತವು ಇದ್ದೇ ಇರುತ್ತವೆ. ಒಳಗೆ ಬರೀ ಕೆಸರು, ಹೊರಗೆ ಬಾಯಿ ಮುಚ್ಚಿಕೊಂಡು ಜೀವ ಇದ್ದವುಗಳ ಹಾಗೇ ಕಾಣುತ್ತವೆ. ಅಂಥದ್ದೊಂದು ಪಾತ್ರೆಯಲ್ಲಿ ಬಾಯಿಬಿಟ್ಟರೆ ಇಡೀ ಸಾರು ಹಾಳು. ಅದಕ್ಕೇ ಅವಳು ಎರಡೆರಡನ್ನು ಒಂದಕ್ಕೊಂದು ಕುಟ್ಟಿ ಸದ್ದು ಕೇಳುತ್ತಿದ್ದಳು. ನನಗೂ ಕಲಿಸಿದಳು. ಜೀವದ್ದು ಟಕ್ಕೆನ್ನುತ್ತದೆ, ಮಣ್ಣಿನದು ಮಂದ. ಮೊದಲ ವಾರ ನನಗೆ ಎಲ್ಲವೂ ಒಂದೇ.

ಒಂದು ಭಾನುವಾರ ಸದಾಶಿವಗಡದಿಂದ ಅವಳ ಹೊಸ ಬೀಗರು ಊಟಕ್ಕೆ ಬರುವವರಿದ್ದರು. ಬಳಚು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ತಪ್ಪಾದರೆ ಏನು ಗತಿ ಎಂಬ ಗಾಬರಿಯಲ್ಲಿ ಬೇಗಬೇಗ ಕುಟ್ಟಿ ಮುಗಿಸಿದೆ. ಮುಚ್ಚಳ ತೆಗೆದಾಗ ಸಾರು ಕಪ್ಪಗಿತ್ತು. ಬೀಗರು ಉಪ್ಪಿನಕಾಯಿ ನಂಚಿಕೊಂಡು ಉಂಡು ಹೋದರು. ನಾನು ಬಾಗಿಲ ಹಿಂದೆ ಅಡಗಿ ನಿಂತಿದ್ದೆ. ಮಾವಶಿ ಬಂದು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ನೀ ಕುಟ್ಟಿದ್ದೆ ತಂಗಿ, ಕೇಳ್ಲೇ ಇಲ್ಲ. ಹೆದ್ರಿದ್ರೆ ಕಿವಿ ಮುಚ್ಚಿಹೋಗ್ತದೆ ನೋಡು."

ಮರುದಿನದಿಂದ ಬಳಚಿನ ಜೊತೆ ಶಬ್ದಗಳನ್ನೂ ಕುಟ್ಟಿಸಿದಳು. ಕ, ಮ, ಲ... ಮೂರು ಸಲ ಟಕ್. ಮೊದಲ ಅಕ್ಷರ ಬಿಟ್ಟರೆ ಏನು ಉಳಿಯಿತು ಎಂದು ಕೇಳಿ ಸುಮ್ಮನೆ ಕಾಯುತ್ತಿದ್ದಳು. ಉತ್ತರಕ್ಕೆ ಅವಳಿಗೆ ಅವಸರವೇ ಇರಲಿಲ್ಲ. ಇದನ್ನೆಲ್ಲ ಅವಳಿಗೆ ಯಾರು ಹೇಳಿಕೊಟ್ಟಿದ್ದರೋ, ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಪರೀಕ್ಷೆಗೆ ಮೊದಲು ಒಂದು ಪಾಠವನ್ನು ತಡವರಿಸುತ್ತಲೇ ಪೂರ್ತಿ ಓದಿದೆ. ಅಪ್ಪ ಮತ್ತೆ ಮಾತಾಡಿದ.

ಈಗ ಮಾವಶಿ ಇಲ್ಲ. ಅವಳು ಹೋದದ್ದು ನನಗೆ ತಿಳಿದದ್ದೇ ತಿಂಗಳು ಕಳೆದ ಮೇಲೆ. ನನ್ನ ಮಗಳು ಎರಡನೇ ಇಯತ್ತೆಯಲ್ಲಿದ್ದಾಳೆ, ಅವಳಿಗೂ ಓದಲು ಬರುತ್ತಿಲ್ಲ. ಶಾಲೆಯಿಂದ ಫೋನ್ ಬಂದರೆ ಎತ್ತಲು ಹೆದರುತ್ತೇನೆ. ಸಂಜೆ ಪುಸ್ತಕ ಹಿಡಿಸಿ ಕೂರಿಸಿದರೆ ನನ್ನ ದನಿ ತಾನಾಗಿ ಏರುತ್ತದೆ, ಅವಳು ಬಾಯಿಗೆ ಬಂದದ್ದು ಹೇಳುತ್ತಾಳೆ.

ಮೊನ್ನೆ ಅವಳೂ ಪಕ್ಕ ಕೂತು ಬಳಚು ಕುಟ್ಟಿದಳು. ಒಂದನ್ನು ನನ್ನ ಕಡೆ ಚಾಚಿದಳು.

"ಅಮ್ಮಾ, ಇದ್ರ ಸದ್ದು ಬೇರೆ ಬರ್ತದೆ."

ತೆಗೆದುಕೊಂಡು ಕುಟ್ಟಿದೆ. ಬೇರೆ ಕೇಳಿಸಲಿಲ್ಲ. ಕಿವಿಯ ಹತ್ತಿರ ಹಿಡಿದು ಮತ್ತೆ ಕುಟ್ಟಿದೆ, ಇಲ್ಲ... ಚಾಕುವಿನ ತುದಿ ಹಾಕಿ ಬಿಡಿಸಿದೆ. ಒಳಗೆ ಕಪ್ಪು ಕೆಸರು.

ಇಷ್ಟು ದಿನ ಅಕ್ಷರದ ಸದ್ದು ಹಿಡಿಯದ ಮಗಳ ಕಿವಿಗೆ ಏನಾಗಿದೆಯೋ ಎಂದು ಹೆದರಿದ್ದೆ. ಹೆದರಿ ಮುಚ್ಚಿಹೋದದ್ದು ನನ್ನ ಕಿವಿ. ಪಕ್ಕ ಕೂತು ಅದನ್ನು ಹೇಳಲು ಮಾವಶಿ ಇರಲಿಲ್ಲ.