ಸೋಲಲೆಂದೇ ಆಡುವ ಟಾರ್ಚಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಕಚೇರಿಯಲ್ಲಿ ನೆಲ ಒರೆಸುವವರ ಬಕೆಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕುಳಿತು, ಕಂಪ್ಯೂಟರ್ ಪರದೆಯ ಮೇಲಿನ ಮುದ್ದಾದ ಮೊಲವೊಂದನ್ನು ಬಾವಿಗೆ ಬೀಳಿಸುತ್ತಿದ್ದಾರೆ. ಮೊಲ ಜೀವ ಬಂದು ಮೇಲೆ ಜಿಗಿಯುತ್ತದೆ, ಇವರು ಮತ್ತೆ ಬೀಳಿಸುತ್ತಾರೆ. ಮುಖದಲ್ಲಿ ಮಾತ್ರ ಅಕ್ಕಿಯಲ್ಲಿ ಕಲ್ಲು ಆರಿಸುವವರ ಗಮನ.

“ಗೆಲ್ಲೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಸೋಲಬೇಕು,” ಎನ್ನುತ್ತಾರೆ ಪರದೆಯಿಂದ ಕಣ್ಣು ತೆಗೆಯದೆ. “ಕೊಳಕನ್ನ ಯಾರೂ ಮುಂಬಾಗಿಲಲ್ಲಿ ಇಡಲ್ಲ ನೋಡಿ. ಸೋತವರು ಬೀಳೋ ಕಡೆ ಬಚ್ಚಿಟ್ಟಿರ್ತಾರೆ.”

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಬಾವಿಯ ತಳ ತೆರೆದುಕೊಳ್ಳುತ್ತದೆ. ಅವರು ಥಟ್ಟನೆ ಪರದೆಯನ್ನು, ಅವರ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನ್ನ ಕಡೆಯಿಂದ ತಿರುಗಿಸಿ, “ನೀವು ನೋಡಬೇಡಿ,” ಎನ್ನುತ್ತಾರೆ. ಪುಟ್ಟ ಮಕ್ಕಳ ಆಟವೆಂದು ಹೇಳಿಕೊಂಡು ಬಂದಿದ್ದ ಅದು ಎರಡು ಗುಂಡಿ ಒತ್ತುವಷ್ಟರಲ್ಲಿ ಅಂಗಡಿಯಿಂದ ಆಚೆ. ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು ಮುಂದಿನ ಆಟ ತೆರೆಯುತ್ತಾರೆ.

ಇದು ವಿಡಿಯೊ ಗೇಮುಗಳನ್ನು ಆನ್‌ಲೈನಿನಲ್ಲಿ ಮಾರುವ ಅಂಗಡಿ. ಯಾರು ಬೇಕಾದರೂ ಆಟ ಮಾಡಿ ಇಲ್ಲಿಗೆ ಕಳಿಸಬಹುದು. ಮೊದಲು ಒಂದು ಸಾಫ್ಟ್‌ವೇರ್ ಜರಡಿ ಹಿಡಿಯುತ್ತದೆ. ಕೆಟ್ಟದ್ದೆಂದು ಖಚಿತವಾದದ್ದನ್ನು ಅದೇ ಬಿಸಾಕುತ್ತದೆ. ಅನುಮಾನ ಬಂದದ್ದೆಲ್ಲ ಈ ಮೇಜುಗಳಿಗೆ ಬರುತ್ತದೆ, ದಿನಕ್ಕೆ ತಲಾ ಏಳೆಂಟು. ಮಾರಬೇಕೋ, ತೆಗೆದುಹಾಕಬೇಕೋ, ವಯಸ್ಸಿನ ಮಿತಿ ಹಾಕಿ ಎಚ್ಚರಿಕೆಯ ಮಾತು ಬರೆದು ಬಿಡಬೇಕೋ ಎಂದು ತೀರ್ಮಾನಿಸುವುದು ಇವರ ಕೆಲಸ. ಆಟದ ಕೆಳಗೆ ಸಣ್ಣಕ್ಷರದಲ್ಲಿ ‘ಇದರಲ್ಲಿ ನಾಯಿಯೊಂದು ಸಾಯುತ್ತದೆ’ ಎಂಬ ಸಾಲು ಕಂಡರೆ ಅದು ಇವರದೇ ಬರಹ. ಓದಿದವರು ಬರೆದವರು ಯಾರೆಂದು ಕೇಳುವುದಿಲ್ಲ.

ಕಚೇರಿಯಲ್ಲಿ ಎಲ್ಲರಿಗೂ ಇವರು ಟಾರ್ಚಕ್ಕ. ಮೊದಲು ಚಿತ್ರಮಂದಿರವೊಂದರಲ್ಲಿ ಕತ್ತಲಲ್ಲಿ ಟಾರ್ಚು ಹಿಡಿದು ಸೀಟು ತೋರಿಸುತ್ತಿದ್ದರು. ನೋಡಿ ನೋಡಿ ಪ್ರತಿ ಚಿತ್ರವೂ ಬಾಯಿಪಾಠ. ಕೆಟ್ಟ ದೃಶ್ಯ ಬರುವ ಮುಂಚೆ ಮಕ್ಕಳೊಂದಿಗೆ ಬಂದ ತಾಯಂದಿರ ಬಳಿ ಬಗ್ಗಿ, ‘ಈಗೊಂದು ಹೊಡೆದಾಟ ಬರುತ್ತೆ, ಮಗೂನ ಹೊರಗೆ ಕರ್ಕೊಂಡು ಹೋಗಿ ಬನ್ನಿ’ ಎಂದು ಕಿವಿಯಲ್ಲಿ ಹೇಳುತ್ತಿದ್ದರಂತೆ. ಕೆಲವರು ಹೋಗುತ್ತಿದ್ದರು, ಕೆಲವರು ‘ನಿನ್ನ ಕೆಲಸ ನೋಡ್ಕೋ’ ಎನ್ನುತ್ತಿದ್ದರು. ಚಿತ್ರಮಂದಿರ ಮುಚ್ಚಿದ ಮೇಲೆ ಆರು ತಿಂಗಳು ಖಾಲಿ ಕೂತು, ಪಕ್ಕದ ಮನೆಯವರೊಬ್ಬರ ಮಾತಿನ ಮೇಲೆ ಇಲ್ಲಿಗೆ ಬಂದರು. ಆಗ ಇವರಿಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ.

ಮನೆಯಲ್ಲಿ ಅತ್ತೆ ಇದ್ದಾರೆ, ಲಿಫ್ಟ್ ರಿಪೇರಿ ಮಾಡುವ ಗಂಡ ಇದ್ದಾರೆ. ಸೊಸೆಯ ಕೆಲಸ ಏನೆಂದು ನಾನು ಕೇಳಿದಾಗ ಅತ್ತೆ ನಗುತ್ತಾರೆ: “ಆಟ ಆಡಿದ್ದಕ್ಕೆ ಸಂಬಳ ಕೊಡ್ತಾರಂತೆ! ನಮ್ಮ ಕಾಲದಲ್ಲಿ ಏಟು ಕೊಡ್ತಿದ್ರು.” ಗಂಡ ನಗುವುದಿಲ್ಲ. “ಏನು ನೋಡಿದೆ ಅಂತ ಅವಳು ಹೇಳಲ್ಲ. ಆದ್ರೆ ಪಾತ್ರೆ ತೊಳೆಯೋ ಸದ್ದು ಜೋರಾದ ದಿನ ನಾನೇ ಹೋಗಿ ಪಕ್ಕದಲ್ಲಿ ನಿಂತು ಒರೆಸಿ ಇಡ್ತೀನಿ,” ಎನ್ನುತ್ತಾರೆ. ನನಗೆ ಆ ಮನುಷ್ಯ ತುಂಬ ಹಿಡಿಸಿದರು.

ನಾನು ಕಚೇರಿಗೆ ಹೋದ ದಿನ ಟಾರ್ಚಕ್ಕನಿಗೆ ಒಂದೇ ಚಿಂತೆ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಯುವತಿಯೊಬ್ಬಳು ಬಿಡುವಿನಲ್ಲಿ ಕಲಿತು, ವರ್ಷಗಟ್ಟಲೆ ಕೂತು ಒಂದು ಆಟ ಮಾಡಿದ್ದಾಳೆ. ಆಡುವವರು ಅದರಲ್ಲಿ ಏಳು ವರ್ಷದ ಹುಡುಗಿಯಾಗುತ್ತಾರೆ. ಎರಡು ಕೋಣೆಯ ಬಾಡಿಗೆ ಮನೆ, ತಂಗಿಯನ್ನು ತಬ್ಬಿಕೊಂಡು ಮಂಚದ ಕೆಳಗೆ ಅಡಗಬೇಕು. ಹೊರಗೆ ಅಪ್ಪ ಬೆಲ್ಟು ಬಿಚ್ಚುತ್ತಿದ್ದಾನೆ. ಇದು ಆಕೆಯ ಸ್ವಂತ ಬಾಲ್ಯ. ಸಾಫ್ಟ್‌ವೇರು ಅದನ್ನು ಹಿಂಸೆ ಎಂದು ಎತ್ತಿ ಬಿಸಾಕಿದೆ. ಆಕೆ ಮರುಪರಿಶೀಲನೆ ಕೇಳಿದ್ದಾಳೆ, ಮತ್ತು ಅಂದು ಸಂಜೆಯೊಳಗೆ ತೀರ್ಮಾನವಾಗಬೇಕು.

ಪಕ್ಕದ ಮೇಜಿನ ಸಹೋದ್ಯೋಗಿಗೆ ಕತ್ತರಿ ಎಂದು ಅಡ್ಡಹೆಸರು. ಅವನದು ಒಂದೇ ಮಾತು: “ತೆಗೆದುಬಿಡಿ ಅಕ್ಕ. ನನ್ನ ಮಗಳಿಗೆ ಎಂಟು ವರ್ಷ. ಅವಳ ಕಣ್ಣಿಗೆ ಇದು ಬಿದ್ರೆ?”

“ನಿನ್ನ ಮಗಳಿಗೆ ಬೇಡಪ್ಪ, ಒಪ್ಪಿದೆ. ಅದಕ್ಕೇ ದೊಡ್ಡವರಿಗೆ ಮಾತ್ರ ಅಂತ ಹಾಕೋದು. ಆದ್ರೆ ಮಂಚದ ಕೆಳಗೇ ಬೆಳೆದವಳು, ಇದು ತನಗೊಬ್ಬಳಿಗೇ ಆಗಿದ್ದಲ್ಲ ಅಂತ ಎಲ್ಲಿ ನೋಡಬೇಕು?”

ಕತ್ತರಿ ಕೆಟ್ಟವನಲ್ಲ. ತಾನು ನೋಡಿದ್ದನ್ನು ಮಗಳು ನೋಡಬಾರದು ಎಂದು ಹೆದರಿದ ತಂದೆ. ಇಬ್ಬರೂ ಮೇಲಧಿಕಾರಿಯ ಕೋಣೆಗೆ ಹೋಗುತ್ತಾರೆ. ಅವರು ಇಬ್ಬರ ಮಾತನ್ನೂ ಕೇಳಿ ಒಂದು ಷರತ್ತು ಹಾಕುತ್ತಾರೆ. ಆ ಏಟಿನ ದೃಶ್ಯವನ್ನು ನೋಡದೆ ಮುಂದೆ ಹೋಗುವ ದಾರಿಯೊಂದನ್ನು ಆಟದೊಳಗೇ ಇಟ್ಟರೆ ಮಾರಬಹುದು. ಇಲ್ಲದಿದ್ದರೆ ಇಲ್ಲ.

ಟಾರ್ಚಕ್ಕ ಅನುಮತಿ ಪಡೆದು ಆ ಯುವತಿಗೆ ಫೋನ್ ಮಾಡುತ್ತಾರೆ. ಸ್ಪೀಕರಿನಲ್ಲಿ ನಮಗೂ ಕೇಳುತ್ತದೆ. ಆಕೆಗೆ ಸಿಟ್ಟೇ ಬಂದಿದೆ.

“ಆಗಲ್ಲ ಮೇಡಂ. ದಾರಿ ಇಟ್ರೆ ಎಲ್ರೂ ದಾಟಿ ಹೋಗ್ತಾರೆ. ನಮ್ಮನೆ ಅಕ್ಕಪಕ್ಕದವರೂ ಹಾಗೇ ಕೇಳಿಸ್ಕೊಂಡು ಕೇಳಿಸ್ಕೊಂಡು ದಾಟಿ ಹೋದ್ರು. ಈ ಸಲನಾದ್ರೂ ನೋಡಲಿ.”

ಕತ್ತರಿ ತಲೆ ತಗ್ಗಿಸುತ್ತಾನೆ. ನನಗೂ ಆಕೆಯ ಮಾತೇ ಸರಿ ಎನ್ನಿಸುತ್ತದೆ. ಟಾರ್ಚಕ್ಕ ಫೋನಿನ ಹತ್ತಿರ ಬಗ್ಗಿ ದನಿ ತಗ್ಗಿಸುತ್ತಾರೆ.

“ಅಕ್ಕಪಕ್ಕದವರು ದಾಟಬಾರದಿತ್ತಮ್ಮ. ಅವರದು ತಪ್ಪೇ. ಆದ್ರೆ ನಿನ್ನ ಹಾಗೇ ಮಂಚದ ಕೆಳಗಿದ್ದವಳು ನಿನ್ನ ಆಟ ಕೊಂಡ್ಲು ಅಂತಿಟ್ಕೋ. ಅವಳನ್ನ ಮತ್ತೆ ಅಲ್ಲಿಗೇ ತಳ್ತೀಯಾ? ಅವಳಿಗೆ ಆವತ್ತು ಹೊರಗೆ ಹೋಗೋಕೆ ಆಗಲಿಲ್ಲ. ಇವತ್ತಾದ್ರೂ ಹೋಗಲಿ ಬಿಡು. ಹೋಗೋದು ಬಿಡೋದು ಅವಳಿಷ್ಟ.”

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು ಕೇಳಿ, ನಂತರ ಫೋನ್ ಕಟ್ಟಾಗುತ್ತದೆ. ಟಾರ್ಚಕ್ಕನಿಗೆ ಊಟ ಸೇರುವುದಿಲ್ಲ. ಡಬ್ಬಿ ತೆರೆದು ಮತ್ತೆ ಮುಚ್ಚಿಡುತ್ತಾರೆ. “ನಾನು ಹಾಗೆ ಹೇಳಬಾರದಿತ್ತೇನೋ,” ಎಂದು ಕತ್ತರಿಯನ್ನು ಎರಡು ಸಲ ಕೇಳುತ್ತಾರೆ. ಅವನು ತನ್ನ ಡಬ್ಬಿಯಿಂದ ಒಂದು ಹೋಳು ಹಣ್ಣನ್ನು ಅವರ ಮುಂದಿಡುತ್ತಾನೆ.

ನಾನು ಹೊರಡಲೆಂದು ಚೀಲ ಹೆಗಲಿಗೇರಿಸುವ ಹೊತ್ತಿಗೆ ಆಟ ತಿದ್ದುಪಡಿಯಾಗಿ ಬರುತ್ತದೆ. ಮಂಚದ ಕೆಳಗಿನ ಹುಡುಗಿಯ ಹಿಂದೆ, ಗೋಡೆಯಲ್ಲಿ, ಈಗ ಒಂದು ಪುಟ್ಟ ಬಾಗಿಲಿದೆ. ಮೇಲೆ ಆಕೆ ಬರೆದಿದ್ದಾಳೆ: ‘ನಾನು ನೋಡಿದೆ. ನೀವು ನೋಡಲೇಬೇಕೆಂದಿಲ್ಲ.’ ಆ ಸಾಲನ್ನು ಜೋರಾಗಿ ಓದಿ ಕತ್ತರಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾನೆ. ‘ದೊಡ್ಡವರಿಗೆ ಮಾತ್ರ’ ಎಂಬ ಗುರುತನ್ನು ಅವನೇ ಹಾಕುತ್ತಾನೆ.

ಅಂಗಡಿಗೆ ಬಿಡುವ ಮುಂಚೆ ಎರಡೂ ದಾರಿಗಳನ್ನು ಆಡಿ ನೋಡಬೇಕೆಂದು ನಿಯಮ. ಏಟಿನ ದಾರಿಯನ್ನು ಟಾರ್ಚಕ್ಕ ಈಗಾಗಲೇ ಮೂರು ಸಲ ನೋಡಿದ್ದಾರೆ. ಕಣ್ಣು ಮುಚ್ಚಿಕೊಳ್ಳುವ ಹಕ್ಕು ಈ ಅಂಗಡಿಗೆ ಬರುವ ಎಲ್ಲರಿಗೂ ಇದೆ, ಈ ಮೇಜುಗಳಲ್ಲಿ ಕೂತವರಿಗೆ ಮಾತ್ರ ಇಲ್ಲ. ಈಗ ಬಾಗಿಲನ್ನು ಒತ್ತುತ್ತಾರೆ.

ಹಿತ್ತಲು. ಹಗ್ಗದ ಮೇಲೆ ಒಗೆದ ಹಾಸುಬಟ್ಟೆಗಳು ಗಾಳಿಗೆ ಆಡುತ್ತಿವೆ. ಅಕ್ಕ ತಂಗಿ ಇಬ್ಬರೂ ನಲ್ಲಿಯ ಕಟ್ಟೆ ಮೇಲೆ ಕುಳಿತು ಕಾಲಾಡಿಸುತ್ತಿದ್ದಾರೆ. ಮನೆಯೊಳಗಿನ ಸದ್ದು ಇಲ್ಲಿಗೆ ಕೇಳುವುದಿಲ್ಲ. ಟಾರ್ಚಕ್ಕ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಬಿಸಿಲು ಕಾಯುವವರ ಹಾಗೆ ಸುಮ್ಮನೆ ಕೂತುಬಿಡುತ್ತಾರೆ. ದೃಶ್ಯ ಮುಗಿಯುತ್ತದೆ. ಅವರು ಮತ್ತೆ ಮೊದಲಿನಿಂದ ತೆರೆಯುತ್ತಾರೆ.

“ಅಕ್ಕ, ಪರೀಕ್ಷೆಗೆ ಒಂದು ಸಲ ಸಾಕು,” ಎನ್ನುತ್ತಾನೆ ಕತ್ತರಿ.

“ಪರೀಕ್ಷೆಗಲ್ಲ ಕಣೋ,” ಎನ್ನುತ್ತಾರೆ ಅವರು. “ಇದು ನನಗೆ.”