ಶನಿವಾರದ ತಲೆಗೆ ಕಟ್ಟಿದ ನೀರು

ನನ್ನ ಮೊಮ್ಮಗಳು ಸೌಮ್ಯಳಿಗೆ ಗಂಡು ಗೊತ್ತಾಯಿತು ಕಣ್ರೀ — ಇವತ್ತೇ, ನಮ್ಮ ಜಗಲಿಯಲ್ಲೇ. ಬೆಳಿಗ್ಗೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆ ಹುಡುಗನ ಅಜ್ಜಿ ಪುಟ್ಟಮ್ಮನ ಗದ್ದೆ ಒಣಗಿಸಿದವನು ನಾನೇ. ಅದನ್ನೂ ಇವತ್ತೇ ಹೇಳಿಬಿಟ್ಟೆ. ಬಯ್ಯುವವರು ಬಯ್ಯಲಿ.

ನರಸೀಪುರದ ಕಡೆ ನಮ್ಮ ನಾಲೆಗೆ ಹಿಂದೆ ನಾನು ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾವ ದಿನ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಿತು ಅಂತ ನಾಲೆಯ ರೈತರ ಸಂಘಕ್ಕೆ ಬಾಯಲ್ಲಿ ಒಪ್ಪಿಸುವುದು. ಒಂದೇ ದಿನದಲ್ಲಿ ಮಿತಿ ಮೀರಿ ನೀರು ತೆಗೆದವರಿಗೆ ಮುಂದಿನ ಸರದಿ ಇಲ್ಲ — ಸಂಘದ ಕಟ್ಟುಪಾಡು ಅದು. ಪುಟ್ಟಮ್ಮನ ಗದ್ದೆ ನಾಲೆಯ ಕೊನೆಯಲ್ಲಿ. ನೀರು ಅಲ್ಲಿಗೆ ತೆವಳಿಕೊಂಡು ಹೋಗಬೇಕು. ಒಂದು ಸಲ ಅವಳ ಸರದಿಗೆ ಶನಿವಾರ ಸಂಜೆ ಎತ್ತಿದ ತೂಬನ್ನು ಭಾನುವಾರ ಮಧ್ಯಾಹ್ನ ಇಳಿಸಿದೆ. ನಡುರಾತ್ರಿಗೆ ಮುರಿದು, ಶನಿವಾರದ್ದು ಶನಿವಾರಕ್ಕೆ, ಭಾನುವಾರದ್ದು ಭಾನುವಾರಕ್ಕೆ ಹೇಳಬೇಕಿತ್ತು. ಎಲ್ಲರದ್ದೂ ಹಾಗೇ ಹೇಳುತ್ತಿದ್ದೆ. ಅವಳದ್ದನ್ನು ಮಾತ್ರ — ಅಷ್ಟನ್ನೂ ಶನಿವಾರದ ತಲೆಗೆ ಕಟ್ಟಿದೆ. ಹಿಂದಿನ ದಿನ ಏರಿ ಮೇಲೆ, ಜನರ ಮುಂದೆ, "ಮೀಸೆ ಆಮೇಲೆ ತಿರುವ್ಕೊ ಕಣ್ಲಾ, ಮೊದ್ಲು ತೂಬೆತ್ತು" ಅಂದಿದ್ದಳು. ಅಷ್ಟಕ್ಕೇ. ಶನಿವಾರದ ಲೆಕ್ಕ ಮಿತಿ ಮೀರಿತು, ಅವಳ ಮುಂದಿನ ಸರದಿ ತಪ್ಪಿತು. ಹಾಲು ತುಂಬುತ್ತಿದ್ದ ಭತ್ತ ಜಳ್ಳಾಯಿತು. ಬೇರೆಯವರ ಗದ್ದೆ ಕುಯ್ಯಲು ಕೂಲಿಗೆ ಹೋದಳು. ನಾನು — ನೋಡುತ್ತಾ ನಿಂತಿದ್ದೆ.

ಇವತ್ತು ಎಲೆ ಅಡಿಕೆ ಬದಲಾಯಿಸಿದ ಮೇಲೆ ಪುಟ್ಟಮ್ಮ ಸೌಮ್ಯಳನ್ನು ಹತ್ತಿರ ಕೂರಿಸಿಕೊಂಡು, "ಕಾರ್ಖಾನೇಲಿ ಏನ್ ಕೆಲ್ಸ ಮಗಾ?" ಅಂದಳು. ನಂಜನಗೂಡಿನಲ್ಲಿ ಮಿಷನ್ನು ಓಡಿದ ಹೊತ್ತಿನ ರಿಪೋರ್ಟು ಮಾಡುತ್ತಾಳೆ ನನ್ನ ಕೂಸು.

"ರಾತ್ರಿ ಪಾಳಿ ಎರಡು ದಿನಕ್ಕೂ ಸೇರುತ್ತಲ್ಲಜ್ಜಿ, ಹನ್ನೆರಡಕ್ಕೆ ಮುರಿದು ಆಯಾ ದಿನದ್ದು ಆಯಾ ದಿನಕ್ಕೆ ಹಾಕ್ತೀನಿ. ಇಲ್ದಿದ್ರೆ ಒಂದು ದಿನ ಉಬ್ಬುತ್ತೆ, ಇನ್ನೊಂದು ದಿನ ಬರಿದಾಗುತ್ತೆ."

ಪುಟ್ಟಮ್ಮ ನನ್ನ ಕಡೆ ತಿರುಗಿದಳು. "ಅಂಗಾದ್ರೆ ನಮ್ ಸನಿವಾರದ ನೀರು?"

ನನ್ನ ಮಗ ನಡುವೆ ಬಿದ್ದ. "ಅಪ್ಪ ಅಷ್ಟಾಗಿ ಓದಿಲ್ಲ ಕಣಮ್ಮ, ಗೊತ್ತಾಗಿರಕ್ಕಿಲ್ಲ."

ಓದಿಲ್ಲ, ನಿಜ. ನಡುರಾತ್ರಿ ಯಾವುದು ಅಂತ ತಿಳಿಯಲು ಇಸ್ಕೂಲು ಬೇಕೆ? ಹೇಳಿದರೆ ಸಂಬಂಧ ಇಲ್ಲೇ ಮುರಿಯಬಹುದು. ಸೌಮ್ಯಳ ಮುಖ ನೋಡಿದೆ — ಈ ಕೂಸನ್ನು ಸುಳ್ಳಿನ ಮೇಲೆ ನಡೆಸಿ ಆ ಮನೆಗೆ ಕಳಿಸಲೆ?

"ಗೊತ್ತಿತ್ತು ಪುಟ್ಟಕ್ಕ. ಬೇಕಂತ್ಲೇ ಮುರೀಲಿಲ್ಲ."

ಪುಟ್ಟಮ್ಮ ಸೌಮ್ಯಳ ಕೈ ಹಿಡಿದುಕೊಂಡಳು. ಆಮೇಲೆ, "ಉಡ್ಗೀನ ಒಪ್ಪಿವ್ನಿ. ನಿನ್ನನ್ನಲ್ಲ" ಅಂದಳು.

ಸಂಜೆ ಎರಡೂ ಮನೆಯವರು ಒಟ್ಟಿಗೆ ಊಟಕ್ಕೆ ಕೂತರು. ನಾನು ಅನ್ನ ಬಡಿಸಲು ಹೋದಾಗ ಪುಟ್ಟಮ್ಮ ಎಲೆಗೆ ಕೈ ಅಡ್ಡ ಹಿಡಿದಳು. ಸೌಮ್ಯ ಬಡಿಸಲು ಬಂದಾಗ ಕೈ ತೆಗೆದಳು. ಅದು ಅವಳ ಹಕ್ಕು. ನಾನೇನು ಒಳಗೆ ಹೋಗಿಬಿಡಲಿಲ್ಲ — ಅವಳ ಎದುರಿಗೇ ಎಲೆ ಹಾಕಿಸಿಕೊಂಡು, ತಲೆ ತಗ್ಗಿಸದೆ ಉಂಡೆ.